ಗ್ಯಾಡೊಲಿನಿಯಂ ಪೂರ್ತಿ ಒಳಗೆ ಹೋಗಿದ್ಯಾ? ನಾನು ನೋಡೋ ರೀತಿ

ಎಂಆರ್‌ಐ ಮಾಡುವಾಗ ಕೈಗೆ ಕಾಂಟ್ರಾಸ್ಟ್ ಚುಚ್ತಾರಲ್ಲ, ಲೋಹದ ಅಯಾನನ್ನ ಇನ್ನೊಂದು ಅಣು ಸುತ್ತ ಹಿಡ್ಕೊಂಡಿರೋ ಆ ಜಾತಿ ಕಾಂಪ್ಲೆಕ್ಸ್‌ಗಳನ್ನ ಲ್ಯಾಬಲ್ಲಿ ಮಾಡೋದು ನನ್ನ ಕೆಲಸ (ರಿಸರ್ಚ್‌ಗೆ ಅಷ್ಟೇ, ಪೇಶೆಂಟ್‌ಗೆ ಕೊಡೋದಲ್ಲ). ಗ್ಯಾಡೊಲಿನಿಯಂ ಅನ್ನೋ ಲೋಹದ ಅಯಾನಲ್ಲಿ ಜೋಡಿಯಿಲ್ಲದ ಎಲೆಕ್ಟ್ರಾನ್ 7 ಇರೋದ್ರಿಂದ ಹತ್ರ ಬಂದ ನೀರಿನ ಪ್ರೋಟಾನ್‌ಗಳು ಬೇಗ ರಿಲ್ಯಾಕ್ಸ್ ಆಗಿ (ಮೊದಲಿನ ಸ್ಥಿತಿಗೆ ಮರಳಿ) ಸ್ಕ್ಯಾನಲ್ಲಿ ಆ ಜಾಗ ಬೆಳ್ಳಗೆ ಕಾಣತ್ತೆ, ಆದ್ರೆ ಅದೇ ಅಯಾನು ಬಿಡಿಯಾಗಿ ಮೈಗೆ ಸೇರಿದ್ರೆ ವಿಷ, ಸೈಜಲ್ಲಿ ಕ್ಯಾಲ್ಸಿಯಂಗೆ ಹತ್ತಿರ ಇರೋದ್ರಿಂದ ಅದರ ಚಾನೆಲ್‌ಗಳನ್ನೇ ಕಟ್ಟಿಬಿಡತ್ತೆ. ಹಾಗಾಗಿ ಕಾಂಪ್ಲೆಕ್ಸ್ ಮಾಡೋದಕ್ಕಿಂತ ಬಿಡಿ ಲೋಹ ಉಳಿದಿಲ್ಲ ಅಂತ ತೋರಿಸೋದೇ ನಂಗೆ ದೊಡ್ಡ ಕೆಲಸ.

ಗ್ಯಾಡೊಲಿನಿಯಂ ಕ್ಲೋರೈಡ್ ಗಾಳಿಯ ತೇವ ಎಳ್ಕೊಳ್ಳತ್ತೆ, ಅದಕ್ಕೆ ತೂಕ ನಂಬಲ್ಲ, ನೀರಲ್ಲಿ ಕರಗಿಸಿ ಲೋಹ ಹಿಡಿಯೋ ಇಡಿಟಿಎ ಅನ್ನೋ ಕೆಮಿಕಲ್ ಅಳೆದು ಹಾಕಿ ಟೈಟ್ರೇಟ್ ಮಾಡಿ ಕಾನ್ಸಂಟ್ರೇಷನ್ ಎಷ್ಟಿದೆ ಅಂತ ತಿಳ್ಕೊಂಡೇ ಶುರು ಮಾಡೋದು. ಡೋಟಾ ಅನ್ನೋ ಲೈಗ್ಯಾಂಡನ್ನ (ಲೋಹವನ್ನ ಒಳಗೆ ಹಿಡ್ಕೊಳ್ಳೋ ಉಂಗುರದಂಥ ಅಣು) ನೀರಲ್ಲಿ ಕರಗಿಸಿ ಪಿಎಚ್ 6ರ ಹತ್ರ ತಂದು ಲೋಹದ ದ್ರಾವಣ ಹನಿಹನಿಯಾಗಿ ಬಿಡ್ತೀನಿ. ಲೋಹ ಹಿಡಿದ ಹಾಗೆಲ್ಲ ಲೈಗ್ಯಾಂಡ್ ಪ್ರೋಟಾನ್ ಬಿಡತ್ತೆ, ಪಿಎಚ್ ಇಳಿಯತ್ತೆ, ಸೋಡಿಯಂ ಹೈಡ್ರಾಕ್ಸೈಡ್ ಹಾಕ್ತಾ 5.5 ರಿಂದ 6ರ ಒಳಗೆ ಇಟ್ಕೋಬೇಕು. ಅವಸರ ಮಾಡಿ ಬೇಸ್ ಸುರಿದ್ರೆ ಲೋಹ ಹೈಡ್ರಾಕ್ಸೈಡ್ ಆಗಿ ದ್ರಾವಣ ಮಬ್ಬಾಗತ್ತೆ.

ಪಿಎಚ್ ನಿಂತ ತಕ್ಷಣ ರಿಯಾಕ್ಷನ್ ಮುಗೀತು ಅಂದ್ಕೊಳ್ಳೋರು ತುಂಬಾ ಜನ. ಇಲ್ಲ. ಮೊದಲು ಲೋಹ ಉಂಗುರಕ್ಕೆ ಅಂಟಿರೋ ತೋಳುಗಳನ್ನ, ಅಂದ್ರೆ ಕಾರ್ಬಾಕ್ಸಿಲೇಟ್‌ಗಳನ್ನಷ್ಟೇ ಹಿಡ್ಕೊಂಡು ಹೊಸ್ತಿಲಲ್ಲೇ ನಿಂತಿರತ್ತೆ, ಉಂಗುರದ ನೈಟ್ರೋಜನ್‌ಗಳ ಮೇಲಿರೋ ಪ್ರೋಟಾನ್ ಹೋದ್ಮೇಲೇನೇ ಒಳಗೆ ಇಳಿಯೋದು, ಅದು ನಿಧಾನ. ಅದಕ್ಕೇ 70-80 ಡಿಗ್ರಿ ಸೆಲ್ಸಿಯಸಲ್ಲಿ ರಾತ್ರಿಯಿಡೀ ಬಿಡ್ತೀನಿ. ಒಳಗೆ ಹೋಗೋಕೆ ಇಷ್ಟು ಸತಾಯಿಸೋದು ಹೊರಗೆ ಬರೋಕೂ ಅಷ್ಟೇ ಸತಾಯಿಸತ್ತೆ, ನಮಗೆ ಬೇಕಾಗಿರೋದೂ ಅದೇ! ಬರೀ ಸ್ಟೆಬಿಲಿಟಿ ಕಾನ್‌ಸ್ಟಂಟ್ (ಲೋಹವನ್ನ ಎಷ್ಟು ಗಟ್ಟಿಯಾಗಿ ಹಿಡಿದಿದೆ ಅನ್ನೋ ಅಂಕಿ) ನೋಡಿ ಖುಷಿ ಪಡೋದು ನಂಗೆ ಸರಿ ಕಾಣಲ್ಲ. ಉದ್ದ ಸರಪಳಿ ಥರದ ಲೈಗ್ಯಾಂಡ್‌ಗಳಲ್ಲೂ ಅದು ಚೆನ್ನಾಗೇ ಇತ್ತು, ಆದ್ರೂ ಮಿದುಳಲ್ಲಿ ಗ್ಯಾಡೊಲಿನಿಯಂ ಉಳಿಯತ್ತೆ ಅಂತ 2017ರಲ್ಲಿ ಯುರೋಪಲ್ಲಿ ಅಂಥ ಕೆಲವು ಕಾಂಟ್ರಾಸ್ಟ್‌ಗಳನ್ನ ರಕ್ತನಾಳಕ್ಕೆ ಕೊಡೋದು ನಿಲ್ಲಿಸಿದ್ರು.

ಟೆಸ್ಟ್‌ಗೆ ಕ್ಸೈಲಿನಾಲ್ ಆರೆಂಜ್ ಅನ್ನೋ ಬಣ್ಣ. ಪಿಎಚ್ 5.8ರ ಅಸಿಟೇಟ್ ಬಫರಲ್ಲಿ ಈ ಬಣ್ಣ ಹಳದಿ, ಬಿಡಿ ಗ್ಯಾಡೊಲಿನಿಯಂ ಸಿಕ್ಕಿದ್ರೆ ನೇರಳೆ ಕಡೆ ತಿರುಗತ್ತೆ. ಬಫರ್ ಬಿಡೋ ಹಾಗಿಲ್ಲ, ಪಿಎಚ್ ಮೇಲೆ ಹೋದ್ರೆ ಲೋಹ ಇಲ್ದೇನೂ ಅದೇ ಬಣ್ಣ ಬರತ್ತೆ. ಕಣ್ಣಳತೆ ಸಾಲದು, 573 ಮತ್ತು 433 ನ್ಯಾನೋಮೀಟರ್‌ನ ಅಬ್ಸಾರ್ಬೆನ್ಸ್ (ಬೆಳಕು ಹೀರೋ ಪ್ರಮಾಣ) ಅನುಪಾತ ತಗೊಂಡು ಗೊತ್ತಿರೋ ಸ್ಯಾಂಪಲ್‌ಗಳ ಗೆರೆ ಜೊತೆ ಹೋಲಿಸ್ತೀನಿ. ಎನ್‌ಎಂಆರ್ (ಅಣುವಿನ ರಚನೆ ನೋಡೋ ವಿಧಾನ) ಇಲ್ಲಿ ಉಪಯೋಗಕ್ಕೆ ಬರಲ್ಲ, ಗ್ಯಾಡೊಲಿನಿಯಂನಿಂದ ಪೀಕ್‌ಗಳು ಅಗಲ ಆಗಿ ಕಾಣೆಯಾಗ್ತವೆ. ಮಾಸ್ ಸ್ಪೆಕ್ಟ್ರಮಲ್ಲಿ ಐಸೋಟೋಪ್ ಗುಂಪು ಚೆಂದ ಬರತ್ತೆ, ಆದ್ರೆ ಬಿಡಿ ಲೋಹ ಎಷ್ಟು ಉಳಿದಿದೆ ಅಂತ ಅದು ಹೇಳಲ್ಲ. ನೇರಳೆ ಬಂದ್ರೆ ಮತ್ತೆ ಬಿಸಿ ಮಾಡೋದು, ಆಮೇಲೂ ಬಂದ್ರೆ ಬಿಡಿ ಲೋಹ ಹಿಡ್ಕೊಳ್ಳೋ ಚೆಲೆಕ್ಸ್ ರೆಸಿನ್ ಹಾಕಿ ಸೋಸಿ ಇನ್ನೊಂದ್ಸಲ ಟೆಸ್ಟ್, ಅಲ್ಲೀವರೆಗೆ ಅದಕ್ಕೆ ಲೇಬಲ್ ಅಂಟಿಸಲ್ಲ.