ಗಾಲ್ಫ್ ಸ್ವಿಂಗ್ ತಿದ್ದಿಕೊಳ್ಳುವ ಬಗೆ: ಕೈಯ ಅನುಭವ ಮತ್ತು ಅದರ ಪರೀಕ್ಷೆ

ಮಂಗಳೂರಿನಲ್ಲಿ ಗಾಲ್ಫ್ ಕಲಿಯಲು ಹೊರಡುವ ಅನೇಕರು ಚಿಕ್ಕಂದಿನಲ್ಲಿ ಕೊಯ್ಲಾದ ಗದ್ದೆಯಲ್ಲೋ ಶಾಲೆಯ ಮೈದಾನದಲ್ಲೋ ಕ್ರಿಕೆಟ್ ಆಡಿ ಬೆಳೆದು, ನಡುವಯಸ್ಸು ದಾಟುವ ಹೊತ್ತಿಗೆ ಪಿಲಿಕುಳದ ಗಾಲ್ಫ್ ಅಂಗಳಕ್ಕೆ ಕಾಲಿಟ್ಟವರು. ಅವರಿಗೆ ಸಲಹೆಗಳ ಕೊರತೆ ಇರುವುದಿಲ್ಲ. ತಲೆ ಅಲುಗಿಸಬೇಡಿ, ಎಡಗೈ ನೇರವಾಗಿರಲಿ, ಸೊಂಟ ಮೊದಲು ತಿರುಗಲಿ ಎಂದು ಪಕ್ಕದಲ್ಲಿ ನಿಂತವರೆಲ್ಲ ಹೇಳುತ್ತಾರೆ. ಈ ಮಾತುಗಳಲ್ಲಿ ಹೆಚ್ಚಿನವು ತಪ್ಪೇನಲ್ಲ. ಆದರೆ ಮೇಲೆತ್ತಿದ ಕ್ಲಬ್, ಅಂದರೆ ಚೆಂಡು ಹೊಡೆಯುವ ಕೋಲು, ಕೆಳಗಿಳಿದು ಚೆಂಡನ್ನು ಮುಟ್ಟಲು ಸುಮಾರು ಕಾಲು ಸೆಕೆಂಡ್ ಸಾಕು, ಕ್ಲಬ್ ಮತ್ತು ಚೆಂಡು ಒಂದಕ್ಕೊಂದು ತಾಗಿಕೊಂಡಿರುವುದಂತೂ ಒಂದು ಸಾವಿರಾಂಶ ಸೆಕೆಂಡಿನ ಅರ್ಧದಷ್ಟು ಹೊತ್ತು ಮಾತ್ರ. ಅಷ್ಟರಲ್ಲಿ ನಾಲ್ಕು ಸಲಹೆಗಳನ್ನು ನೆನಪಿಸಿಕೊಂಡು ಪಾಲಿಸಲು ಯಾರಿಂದಲೂ ಸಾಧ್ಯವಿಲ್ಲ. ಸ್ವಿಂಗ್‌ನ, ಅಂದರೆ ಕ್ಲಬ್ ಬೀಸುವ ಆ ಚಲನೆಯ, ಒಳಗೆ ನಮ್ಮ ಜೊತೆ ಬರುವುದು ಒಂದು ಅನುಭವ ಮಾತ್ರ, ಅಂದರೆ ಕೈಗೆ, ಪಾದಕ್ಕೆ, ಬೆನ್ನಿಗೆ ಹೀಗಿರಬೇಕು ಎಂದು ಗೊತ್ತಿರುವ ಒಂದು ಸ್ಥಿತಿ.

ತೊಂದರೆ ಏನೆಂದರೆ, ಆ ಅನುಭವ ಆಗಾಗ ಸುಳ್ಳು ಹೇಳುತ್ತದೆ. ಆದ್ದರಿಂದ ಮಾಡಿದ್ದು ಸರಿಯೇ ತಪ್ಪೇ ಎಂಬುದನ್ನು ತಾನೇ ತೋರಿಸಿಕೊಡುವ ಡ್ರಿಲ್‌ಗಳನ್ನಷ್ಟೇ (ಅಭ್ಯಾಸದ ಕಸರತ್ತುಗಳನ್ನಷ್ಟೇ) ಆರಿಸಿಕೊಳ್ಳುವುದು ಒಳ್ಳೆಯದು. ಮರಳಿನ ಮೇಲಿನ ಗುರುತು, ಗಾಳಿ ಸೀಳುವ ಸದ್ದು, ಮೊಬೈಲಿನ ವಿಡಿಯೊ, ಇವು ಯಾರ ಮುಖವನ್ನೂ ನೋಡಿ ಮಾತಾಡುವುದಿಲ್ಲ. ಮುಂದಿನ ವಿವರಣೆಗಳೆಲ್ಲ ಬಲಗೈ ಆಟಗಾರರಿಗೆ ಅನ್ವಯಿಸುತ್ತವೆ, ಎಡಗೈಯವರು ಎಡ ಬಲಗಳನ್ನು ಅದಲುಬದಲು ಮಾಡಿಕೊಂಡು ಓದಬೇಕು.

ಹಿಡಿತ ಮತ್ತು ಬೆವರು

ಕರಾವಳಿಯ ಸೆಕೆಯಲ್ಲಿ ಅಂಗೈ ಬೆವರುತ್ತದೆ, ಕ್ಲಬ್ ಜಾರೀತೆಂಬ ಭಯದಿಂದ ನಾವು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತೇವೆ, ಬಿಗಿ ಹಿಡಿದಷ್ಟೂ ಮುಂಗೈ ಗಟ್ಟಿಯಾಗಿ ಕ್ಲಬ್‌ನ ತುದಿಯ ಭಾರವೇ ಕೈಗೆ ತಿಳಿಯದಂತಾಗುತ್ತದೆ. ಇದಕ್ಕೆ ಮೊದಲ ಪರಿಹಾರ ಸ್ವಿಂಗ್‌ನಲ್ಲಿಲ್ಲ. ಗ್ರಿಪ್‌ಗಳನ್ನು (ಕ್ಲಬ್‌ನ ಹಿಡಿಗಳನ್ನು) ಆಗಾಗ ಸೋಪು ನೀರಿನಲ್ಲಿ ಉಜ್ಜಿ ತೊಳೆದು ನೆರಳಲ್ಲಿ ಒಣಗಿಸಬೇಕು, ಚೀಲದಲ್ಲಿ ಎರಡನೆಯ ಕೈಗವಸು ಮತ್ತು ಒಂದು ಒಣ ಬೈರಾಸು ಇರಬೇಕು. ನುಣುಪಾಗಿ ಹೊಳೆಯುವ ಹಳೆಯ ಗ್ರಿಪ್‌ಗಳನ್ನು ಬದಲಿಸಿದರೆ ಅರ್ಧ ಬಿಗಿತ ತಾನಾಗಿ ಹೋಗುತ್ತದೆ.

ಎಡಗೈಯಲ್ಲಿ ಕ್ಲಬ್ ಅಂಗೈಯ ನಡುವೆ ಕೂರದೆ ಬೆರಳುಗಳ ಬುಡದಲ್ಲಿ ಓರೆಯಾಗಿ ಕೂರಬೇಕು. ಮೇಲಿನಿಂದ ನೋಡಿದಾಗ ಎಡಗೈಯ ಎರಡು ಗೆಣ್ಣುಗಳಾದರೂ ಕಾಣಬೇಕು. ಬಲಗೈಯ ಕಿರುಬೆರಳನ್ನು ಎಡಗೈಯ ಮೇಲೆ ಇರಿಸುವುದೋ, ಎಡಗೈಯ ತೋರುಬೆರಳಿನೊಂದಿಗೆ ಹೆಣೆಯುವುದೋ ಎಂಬುದು ಅವರವರ ಕೈಯ ಅಳತೆಗೆ ಬಿಟ್ಟದ್ದು. ಅದರ ಬಗ್ಗೆ ನಡೆಯುವ ಚರ್ಚೆಗೆ ಅಷ್ಟು ಬೆಲೆ ಇಲ್ಲ.

ಬಿಗಿತವನ್ನು ಅಳೆಯಲು ಹೀಗೆ ಮಾಡಿ. ಕ್ಲಬ್‌ನ ತುದಿ ಆಕಾಶಕ್ಕೆ ನೆಟ್ಟಗೆ ನಿಲ್ಲುವಂತೆ ಎದೆಯ ಮುಂದೆ ಹಿಡಿದುಕೊಂಡು ಕಣ್ಣು ಮುಚ್ಚಿ, ತುದಿಯನ್ನು ನಿಧಾನವಾಗಿ ಮುಂದಕ್ಕೆ ಬಾಗಿಸುತ್ತಾ ನೆಲಕ್ಕೆ ಸಮಾನಾಂತರವಾಗುವವರೆಗೆ ಇಳಿಸಿ. ನೆಟ್ಟಗಿರುವಾಗ ಇಲ್ಲವೇ ಇಲ್ಲವೆನ್ನುವಷ್ಟು ಹಗುರವಾಗಿದ್ದ ಕ್ಲಬ್ ಇಳಿಯುತ್ತಿದ್ದಂತೆ ಭಾರವಾಗುತ್ತದೆ, ಆ ಭಾರ ಎಡಗೈಯ ಕೊನೆಯ ಮೂರು ಬೆರಳುಗಳ ಮೇಲೆ ಬಂದು ನಿಲ್ಲುತ್ತದೆ. ಅದನ್ನು ತಡೆಯಲು ಎಷ್ಟು ಬೇಕೋ ಅಷ್ಟೇ ಬಿಗಿತ ಸ್ವಿಂಗ್‌ಗೂ ಸಾಕು. ಪ್ರತಿ ಹೊಡೆತಕ್ಕೂ ಮೊದಲು ಒಮ್ಮೆ ಇದನ್ನು ಮಾಡಿ ನಿಲ್ಲುವುದರಿಂದ ಹಾನಿಯೇನಿಲ್ಲ.

ಮರಳಿನ ಮೇಲೊಂದು ಗೆರೆ

ಒಂದೇ ಒಂದು ಡ್ರಿಲ್ ಮಾಡಲು ಸಮಯವಿದೆ ಎನ್ನುವವರಿಗೆ ಇದನ್ನೇ ಹೇಳಬೇಕು, ಮತ್ತು ಇದಕ್ಕೆ ನಮ್ಮ ಊರಿನಷ್ಟು ಅನುಕೂಲ ಬೇರೆಡೆ ಸಿಗುವುದು ಕಷ್ಟ. ತಣ್ಣೀರುಬಾವಿಯಲ್ಲಾಗಲಿ ಸುರತ್ಕಲ್‌ನಲ್ಲಾಗಲಿ, ಉಡುಪಿಯ ಕಡೆಯವರಾದರೆ ಮಲ್ಪೆಯಲ್ಲಾಗಲಿ, ನೀರಿಳಿತದ ಹೊತ್ತಿಗೆ ಬೆಳಿಗ್ಗೆ ಬೇಗ ಹೋದರೆ ಅಲೆ ಹಿಂದೆ ಸರಿದ ಜಾಗದಲ್ಲಿ ಗಟ್ಟಿಯಾದ ಒದ್ದೆ ಮರಳು ಸಿಗುತ್ತದೆ. ಅಲ್ಲಿ ಕ್ಲಬ್‌ನ ತುದಿಯಿಂದ ಎರಡು ಮೂರು ಮಾರು ಉದ್ದದ ಒಂದು ನೇರ ಗೆರೆ ಎಳೆಯಿರಿ. ಚೆಂಡು ಹೋಗಬೇಕಾದ ದಿಕ್ಕಿಗೆ ಈ ಗೆರೆ ಅಡ್ಡವಾಗಿರಬೇಕು, ಅಂದರೆ ನೀವು ಮುಖ ಮಾಡಿ ನಿಂತ ದಿಕ್ಕಿಗೆ ಗೆರೆ ಚಾಚಿಕೊಂಡಿರಬೇಕು. ಗೆರೆ ಎರಡು ಪಾದಗಳ ನಡುವೆ ಬರುವಂತೆ ನಿಂತು, ಎಂಟನೇ ಐರನ್ (ಲೋಹದ ಚಪ್ಪಟೆ ಮುಖದ ಕ್ಲಬ್) ಅಥವಾ ವೆಜ್ (ಇನ್ನೂ ಹೆಚ್ಚು ಓರೆಯಾದ ಮುಖದ್ದು) ಹಿಡಿದು, ಚೆಂಡಿಲ್ಲದೆ ಸೊಂಟದೆತ್ತರದಿಂದ ಸೊಂಟದೆತ್ತರದವರೆಗೆ ಅರ್ಧ ಸ್ವಿಂಗ್ ಮಾಡಿ. ಒಂದು ಗುರುತು ಬಿದ್ದ ಮೇಲೆ ಅರ್ಧ ಹೆಜ್ಜೆ ಮುಂದೆ ಸರಿದು, ಗೆರೆಯನ್ನು ಹಾಗೆಯೇ ಪಾದಗಳ ನಡುವೆ ಇಟ್ಟುಕೊಂಡು ಇನ್ನೊಂದು. ಗೆರೆ ಮುಗಿಯುವ ಹೊತ್ತಿಗೆ ಮರಳಿನಲ್ಲಿ ಗೀರುಗಳ ಒಂದು ಸಾಲು ಸಿದ್ಧವಾಗಿರುತ್ತದೆ. ಹಿಂದೆ ಸರಿದು ನಿಂತು ಅದನ್ನು ಓದಬೇಕು.

ಗೀರುಗಳು ಗೆರೆಯ ಮೇಲೆ ಅಥವಾ ಗೆರೆಯಿಂದ ಎಡಕ್ಕೆ, ಅಂದರೆ ಗುರಿಯ ಕಡೆಗೆ, ಆರಂಭವಾಗಿದ್ದರೆ ಐರನ್‌ಗೆ ಬೇಕಾದದ್ದು ಅದೇ: ಮೊದಲು ಚೆಂಡು, ಆಮೇಲೆ ನೆಲ. ಗೆರೆಗಿಂತ ಬಲಕ್ಕೆ ಆರಂಭವಾಗಿದ್ದರೆ ಅಂಗಳದಲ್ಲಿ ಆ ಹೊಡೆತಗಳೆಲ್ಲ ಚೆಂಡಿನ ಹಿಂದಿನ ಹುಲ್ಲನ್ನು ಕಿತ್ತುಕೊಂಡು ಅಲ್ಲೇ ಸುಸ್ತಾಗುತ್ತಿದ್ದವು. ಇದಕ್ಕೆ ಸಾಮಾನ್ಯವಾಗಿ ಎರಡು ಕಾರಣಗಳು. ಮೈಯ ಭಾರ ಬಲಪಾದದಲ್ಲೇ ಉಳಿದಿರುತ್ತದೆ, ಅಥವಾ ಚೆಂಡನ್ನು ಎತ್ತಿ ಕಳುಹಿಸುವ ಆಸೆಯಿಂದ ಮಣಿಕಟ್ಟು ಮೊದಲೇ ಮಡಿಕೆ ಬಿಟ್ಟಿರುತ್ತದೆ. ಚೆಂಡನ್ನು ಎತ್ತುವ ಕೆಲಸ ನಮ್ಮದಲ್ಲ. ಏಳನೇ ಐರನ್‌ನ ಮುಖವೇ 30 ಡಿಗ್ರಿಯ ಆಸುಪಾಸಿನಲ್ಲಿ ಓರೆಯಾಗಿರುತ್ತದೆ, ಅದು ಕೆಳಮುಖವಾಗಿ ಬಂದು ತಾಗಿದರೂ ಚೆಂಡು ಮೇಲೇಳುತ್ತದೆ. ಗೀರುಗಳು ಒಂದೊಂದು ಒಂದೊಂದು ಕಡೆ ಚದುರಿದ್ದರೆ ವೇಗ ಹೆಚ್ಚಾಯಿತೆಂದು ಅರ್ಥ, ಇನ್ನೂ ಚಿಕ್ಕ ಸ್ವಿಂಗ್‌ಗೆ ಇಳಿಯಬೇಕು.

ಈಗ ಅನುಭವದ ಮಾತು. ಗೀರು ಸರಿಯಾದ ಜಾಗದಲ್ಲಿ ಬಿದ್ದ ಕೂಡಲೇ ಅಲ್ಲೇ ನಿಂತು, ಈಗ ಏನು ಬೇರೆಯಾಗಿತ್ತು ಎಂದು ಕೇಳಿಕೊಳ್ಳಿ. ಕೆಲವರಿಗೆ ಕ್ಲಬ್ ಇಳಿಯುವ ಮೊದಲೇ ಎಡಹಿಮ್ಮಡಿ ಮರಳಿಗೆ ಒತ್ತಿದಂತೆ ಅನಿಸುತ್ತದೆ. ಕೆಲವರಿಗೆ ಅಂಗಿಯ ಗುಂಡಿಗಳು ಗೆರೆಯನ್ನು ದಾಟಿ ಮುಂದೆ ಹೋದಂತೆ ಅನಿಸುತ್ತದೆ. ಇನ್ನು ಕೆಲವರಿಗೆ ಮೈಯ ಸುದ್ದಿಯೇ ಇಲ್ಲ, ಗೆರೆಯ ಮುಂದಿನ ಮರಳನ್ನು ಸವರಬೇಕು ಎಂಬ ಒಂದೇ ಯೋಚನೆ. ಈ ಮೂರನೆಯವರ ದಾರಿಯನ್ನು ಕಡೆಗಣಿಸಬಾರದು. ಗೇಬ್ರಿಯೇಲ್ ವುಲ್ಫ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸದಾಗಿ ಕಲಿಯುವವರ ಪೈಕಿ ತಮ್ಮ ತೋಳುಗಳ ಚಲನೆಯ ಮೇಲೆ ಗಮನವಿಟ್ಟವರಿಗಿಂತ ಕ್ಲಬ್‌ನ ಚಲನೆಯ ಮೇಲೆ ಗಮನವಿಟ್ಟವರೇ ಹೆಚ್ಚು ನಿಖರವಾಗಿ ಹೊಡೆದಿದ್ದರು. ಅನುಭವವನ್ನು ಆದಷ್ಟು ಮೈಯಿಂದ ಹೊರಗೆ, ಕ್ಲಬ್‌ನ ತುದಿಯಲ್ಲಿ ಅಥವಾ ನೆಲದಲ್ಲಿ, ಹುಡುಕುವುದು ಲಾಭಕರ.

ಬೀಚಿನಲ್ಲಿ ಚೆಂಡನ್ನು ಮಾತ್ರ ಹೊಡೆಯಬೇಡಿ. ಗಟ್ಟಿಯಾದ ಗಾಲ್ಫ್ ಚೆಂಡು ದೂರದಲ್ಲಿ ಬಲೆ ಬಿಡಿಸುತ್ತಿರುವವರಿಗೋ ಆಡುತ್ತಿರುವ ಮಕ್ಕಳಿಗೋ ತಾಗಿದರೆ ಅನಾಹುತವಾಗುತ್ತದೆ. ಮನೆಗೆ ಬಂದ ತಕ್ಷಣ ಕ್ಲಬ್ ಅನ್ನು ಸಿಹಿನೀರಿನಲ್ಲಿ ತೊಳೆದು ಒರೆಸಿ, ಉಪ್ಪಿನಂಶ ಉಳಿದರೆ ಶಾಫ್ಟ್‌ಗೆ (ಕ್ಲಬ್‌ನ ಉದ್ದನೆಯ ದಂಡಕ್ಕೆ) ಬೇಗ ತುಕ್ಕು ಹಿಡಿಯುತ್ತದೆ.

ಲಯಕ್ಕೆ ಬೈರಾಸು, ವೇಗಕ್ಕೆ ಸದ್ದು

ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಬಲಗಾಲಿನ ಕೆಳಭಾಗವನ್ನು ಕಳೆದುಕೊಂಡ ಇಂಗ್ಲೆಂಡಿನ ವೃತ್ತಿಪರ ಆಟಗಾರ ಅರ್ನೆಸ್ಟ್ ಜೋನ್ಸ್, ಮುಂದೆ ಅಮೆರಿಕದಲ್ಲಿ ಹೆಸರಾಂತ ಶಿಕ್ಷಕರಾದರು. ಒಂದು ಕಾಲಿನ ಮೇಲೆ ನಿಂತೂ ಚೆನ್ನಾಗಿ ಹೊಡೆಯಲು ಸಾಧ್ಯವಾದ ಅವರು, ಸ್ವಿಂಗ್ ಎಂದರೆ ಕ್ಲಬ್‌ನ ತುದಿಯನ್ನು ಬೀಸುವುದು, ಮೈಯ ಉಳಿದ ಭಾಗಗಳು ಅದನ್ನು ಹಿಂಬಾಲಿಸುತ್ತವೆ ಎಂದು ಕಲಿಸುತ್ತಿದ್ದರು. ಅದನ್ನು ತೋರಿಸಲು ಕರವಸ್ತ್ರದ ತುದಿಗೆ ಚಿಕ್ಕ ಚಾಕು ಕಟ್ಟಿ ಬೀಸುತ್ತಿದ್ದರು. ನಾವು ಚಾಕಿನ ಗೊಡವೆಗೆ ಹೋಗದೆ ಬೈರಾಸಿನ ತುದಿಗೆ ಒಂದು ಒದ್ದೆ ಬಟ್ಟೆಯ ಉಂಡೆಯನ್ನು ಗಂಟು ಹಾಕಿಕೊಳ್ಳಬಹುದು. ಎರಡೂ ಕೈಯಲ್ಲಿ ಹಿಡಿದು ಬೀಸಿದಾಗ ಬೈರಾಸು ಸದಾ ಬಿಗಿಯಾಗಿಯೇ ಇದ್ದರೆ ನೀವು ಬೀಸುತ್ತಿದ್ದೀರಿ. ಮೇಲಿನಿಂದ ಕೆಳಗೆ ಬರುವ ತಿರುವಿನಲ್ಲಿ ಅದು ಸಡಿಲಾಗಿ ಜೋತುಬಿದ್ದರೆ ಕೈಗಳು ಅವಸರದಿಂದ ಎಳೆದಿವೆ. ತುದಿಯ ಭಾರ ಮೇಲೇರಿ ಮುಗಿಸುವವರೆಗೆ ಕಾಯುವುದನ್ನು ಕೈಗೆ ಕಲಿಸಲು ಇದಕ್ಕಿಂತ ಅಗ್ಗದ ಸಾಧನವಿಲ್ಲ.

ನುರಿತ ಆಟಗಾರರಲ್ಲಿ ಕ್ಲಬ್ ಮೇಲೇರುವ ಸಮಯ, ಇಳಿಯುವ ಸಮಯದ ಸುಮಾರು ಮೂರು ಪಟ್ಟು ಇರುತ್ತದೆ. ಯಕ್ಷಗಾನದ ತಾಳ ಕಿವಿಯಲ್ಲಿ ಕುಳಿತಿರುವವರಿಗೆ ಇದು ಸುಲಭ. ‘ತ-ಕಿ-ಟ’ ಎನ್ನುವಾಗ ಕ್ಲಬ್ ಮೇಲೇರಲಿ, ‘ತೋಂ’ ಎನ್ನುವಲ್ಲಿ ಚೆಂಡಿಗೆ ತಾಗಲಿ. ಒಟ್ಟು ವೇಗ ಅವರವರ ಸ್ವಭಾವದಂತೆ ಹೆಚ್ಚು ಕಡಿಮೆ ಇರಬಹುದು, ಅನುಪಾತ ಕೆಡಬಾರದು. ಮಧ್ಯಾಹ್ನದ ಮೇಲೆ ಪಡುವಣ ಗಾಳಿ ಎದ್ದಾಗ ಎಲ್ಲರೂ ಅರಿವಿಲ್ಲದೆ ಅವಸರಕ್ಕೆ ಬೀಳುತ್ತಾರೆ, ಆಗ ಇದನ್ನು ಮನಸ್ಸಿನಲ್ಲೇ ಹೇಳಿಕೊಳ್ಳುವುದು ಉಪಯೋಗಕ್ಕೆ ಬರುತ್ತದೆ.

ವೇಗ ಎಲ್ಲಿ ಖರ್ಚಾಗುತ್ತಿದೆ ಎಂದು ತಿಳಿಯಲು ಡ್ರೈವರ್ ಅನ್ನು (ದೂರ ಹೊಡೆಯುವ ಉದ್ದನೆಯ ಕ್ಲಬ್ ಅನ್ನು) ತಲೆಕೆಳಗು ಮಾಡಿ, ಕ್ಲಬ್‌ನ ತಲೆಯ ಬಳಿ ಶಾಫ್ಟ್ ಹಿಡಿದು ಬೀಸಿ ಸದ್ದನ್ನು ಕೇಳಿ. ಅತಿ ಜೋರಾದ ಸದ್ದು ಚೆಂಡಿರಬೇಕಾದ ಜಾಗದಲ್ಲಿ ಅಥವಾ ಅದನ್ನು ದಾಟಿದ ಮೇಲೆ ಕೇಳಬೇಕು. ಬಲಗಿವಿಯ ಹತ್ತಿರವೇ ಕೇಳಿದರೆ ಶಕ್ತಿ ಅಲ್ಲೇ ಮುಗಿದುಹೋಗಿದೆ. ಸದ್ದನ್ನು ಮುಂದಕ್ಕೆ ತಳ್ಳುವ ಪ್ರಯತ್ನದಲ್ಲಿ ಮಣಿಕಟ್ಟು ತಾನಾಗಿ ತಡವಾಗಿ ಬಿಚ್ಚಿಕೊಳ್ಳುತ್ತದೆ, ಆ ಬಗ್ಗೆ ಬೇರೆ ಪಾಠ ಬೇಡ. ಎರಡು ಪಾದಗಳನ್ನು ಜೋಡಿಸಿ ನಿಂತು ಮೆಲ್ಲಗೆ ಹೊಡೆಯುವ ಹಳೆಯ ಡ್ರಿಲ್ ಕೂಡ ಒಳ್ಳೆಯದೇ: ಜೋರು ಮಾಡಿದವರು ತೂರಾಡುತ್ತಾರೆ, ಅಲ್ಲಿಗೆ ತೀರ್ಪು ಸಿಕ್ಕಿತು.

ಬಲಕ್ಕೆ ಬಾಗುವ ಚೆಂಡು

ಸ್ಲೈಸ್, ಅಂದರೆ ಹೀಗೆ ಬಲಕ್ಕೆ ಬಾಗುವ ಹೊಡೆತದ, ಬಗ್ಗೆ ಒಂದು ತಪ್ಪು ತಿಳಿವಳಿಕೆಯನ್ನು ಮೊದಲು ಬಿಡಬೇಕು. ಚೆಂಡು ಹೊರಡುವ ದಿಕ್ಕನ್ನು ಹೆಚ್ಚಾಗಿ ನಿರ್ಧರಿಸುವುದು ತಾಗುವ ಕ್ಷಣದಲ್ಲಿ ಕ್ಲಬ್‌ನ ಮುಖ ನೋಡುತ್ತಿರುವ ದಿಕ್ಕು. ಅದು ಎತ್ತ ಬಾಗುತ್ತದೆ ಎಂಬುದು ಮುಖದ ದಿಕ್ಕಿಗೂ ಕ್ಲಬ್ ಬೀಸಿದ ದಾರಿಗೂ ನಡುವೆ ಇರುವ ವ್ಯತ್ಯಾಸದಿಂದ ಬರುತ್ತದೆ. ಬಲಕ್ಕೆ ಹೋಗುತ್ತದೆಂದು ಇನ್ನಷ್ಟು ಎಡಕ್ಕೆ ಗುರಿಯಿಟ್ಟು ಅತ್ತಲೇ ಬೀಸಿದರೆ ವ್ಯತ್ಯಾಸ ಹೆಚ್ಚಿ ಚೆಂಡು ಇನ್ನಷ್ಟು ಬಾಗುತ್ತದೆ. ಕ್ರಿಕೆಟ್‌ನಲ್ಲಿ ನೇರ ಡ್ರೈವ್ ಮಾಡುವಾಗ ಬ್ಯಾಟ್‌ನ ಮುಖವನ್ನು ತಿರುಗಲು ಬಿಡದೆ ಗುರಿಯತ್ತಲೇ ಹಿಡಿದಿಡುವ ಅಭ್ಯಾಸ ಇರುವವರಿಗೆ ಗಾಲ್ಫ್‌ನಲ್ಲಿ ಮುಖ ತೆರೆದೇ ಉಳಿಯುವುದು ಸಹಜ.

ದಾರಿಯನ್ನು ಪರೀಕ್ಷಿಸಲು ತೆಂಗಿನಕಾಯಿಯ ಒಣ ಸಿಪ್ಪೆಯೊಂದು ಸಾಕು. ಚೆಂಡಿನಿಂದ ಗೇಣುದ್ದ ಹಿಂದೆ, ಅಂದರೆ ಬಲಕ್ಕೆ, ಮತ್ತು ನಾಲ್ಕು ಬೆರಳಿನಷ್ಟು ಆಚೆಗೆ ಅದನ್ನು ಇಡಿ. ಕ್ಲಬ್ ಹೊರಗಿನಿಂದ ಒಳಕ್ಕೆ ಕೊಯ್ಯುತ್ತಾ ಬಂದರೆ ಸಿಪ್ಪೆ ಹಾರುತ್ತದೆ, ಕ್ಲಬ್‌ಗೆ ಏನೂ ಆಗುವುದಿಲ್ಲ. ಮುಖವನ್ನು ಪರೀಕ್ಷಿಸಲು ಸೊಂಟದೆತ್ತರದ ಅರ್ಧ ಸ್ವಿಂಗ್ ಮಾಡಿ, ಚೆಂಡು ಹೋದ ಮೇಲೆ ಶಾಫ್ಟ್ ನೆಲಕ್ಕೆ ಸಮಾನಾಂತರವಾದಲ್ಲಿ ನಿಲ್ಲಿಸಿ ನೋಡಿ. ಕ್ಲಬ್‌ನ ಮೂತಿ (ತಲೆಯ ಹೊರತುದಿ) ಆಕಾಶ ನೋಡುತ್ತಿರಬೇಕು, ಮುಖವೇ ಆಕಾಶಕ್ಕೆ ತಿರುಗಿದ್ದರೆ ಮುಂಗೈ ತಿರುಗಿಲ್ಲ. ಗಡಿಯಾರದ ಮುಖವನ್ನು ನೆಲಕ್ಕೆ ತಿರುಗಿಸಿದಂತೆ ಎಡಗೈ ತಿರುಗಲಿ ಎಂಬ ಯೋಚನೆ ಅನೇಕರಿಗೆ ನಾಟುತ್ತದೆ. ಚೆಂಡಿನ ಮೇಲೆ ಮಾರ್ಕರ್ ಪೆನ್ನಿನಿಂದ ಒಂದು ಚುಕ್ಕೆ ಹಾಕಿ, ಚುಕ್ಕೆ ಕ್ಲಬ್‌ನ ಕಡೆಗೆ ಇರುವಂತೆ ಇಟ್ಟು ಹೊಡೆದರೆ ಮುಖದ ಯಾವ ಭಾಗಕ್ಕೆ ತಾಗಿತೆಂಬುದೂ ತಿಳಿಯುತ್ತದೆ.

ಮೊಬೈಲ್, ಮಳೆಗಾಲ ಮತ್ತು ಒಂದು ಪುಸ್ತಕ

ವಿಡಿಯೊ ತೆಗೆಯುವಾಗ ಮೊಬೈಲನ್ನು ಕೈಗಳ ಎತ್ತರದಲ್ಲಿ ಎರಡು ಕಡೆ ಇಡಬೇಕು: ಒಮ್ಮೆ ಎದೆಯ ಎದುರಿಗೆ, ಒಮ್ಮೆ ಬಲಗಡೆಯಿಂದ ಗುರಿಯ ಕಡೆ ನೋಡುವಂತೆ. ಸ್ಲೋ ಮೋಷನ್‌ನಲ್ಲಿ ತೆಗೆಯಿರಿ. ಹೊಸ ಅನುಭವವನ್ನು ಅತಿಯಾಯಿತು, ನೋಡಿದವರು ನಕ್ಕಾರು ಎನ್ನುವಷ್ಟು ಉತ್ಪ್ರೇಕ್ಷಿಸಿ ಒಂದು ಸ್ವಿಂಗ್ ತೆಗೆದು ನೋಡಿದರೆ, ಬಹುತೇಕ ಸಲ ಚಿತ್ರದಲ್ಲಿ ಕಾಣುವ ಬದಲಾವಣೆ ತೀರಾ ಸಣ್ಣದಾಗಿರುತ್ತದೆ. ಹಳೆಯ ಸ್ವಿಂಗ್ ನಮಗೆ ಸಹಜವೆನಿಸುವುದರಿಂದ ಅದರಿಂದ ಸ್ವಲ್ಪ ಸರಿದರೂ ಬಹಳ ದೂರ ಹೋದಂತೆ ಅನಿಸುತ್ತದೆ. ಉತ್ಪ್ರೇಕ್ಷೆಗೆ ಹೆದರಬಾರದು ಎನ್ನುವುದು ಇದಕ್ಕಾಗಿಯೇ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೊರಗೆ ಬಿಡದ ದಿನಗಳಲ್ಲಿ ಶೀಟು ಹಾಕಿದ ತಾರಸಿ ಅಥವಾ ಅಂಗಳ ಸಾಕಾಗುತ್ತದೆ, ಆದರೆ ಮೊದಲು ಮೇಲಿನ ಕಬ್ಬಿಣದ ಪೈಪು ಮತ್ತು ಬಲ್ಬುಗಳ ಎತ್ತರ ನೋಡಿಕೊಳ್ಳಿ. ಗೋಣಿಚೀಲಕ್ಕೆ ಹಳೆಯ ಬಟ್ಟೆ ತುಂಬಿ ಗೋಡೆಯಿಂದ ದೂರದಲ್ಲಿಟ್ಟು, ಅರ್ಧ ವೇಗದಲ್ಲಿ ಕ್ಲಬ್ ಅದಕ್ಕೆ ತಾಗಿ ನಿಲ್ಲುವಂತೆ ಮಾಡಿ. ನಿಂತಾಗ ಕೈಗಳು ಕ್ಲಬ್‌ನ ತುದಿಗಿಂತ ಮುಂದೆ ಇರಬೇಕು, ಎಡಮಣಿಕಟ್ಟು ಚಪ್ಪಟೆಯಾಗಿರಬೇಕು. ಸಿಮೆಂಟ್ ನೆಲದ ಮೇಲೆ ತೆಳುವಾದ ಮ್ಯಾಟ್ ಹಾಸಿ ಹೊಡೆಯುವುದು ಬೇಡ, ಪ್ರತಿ ತಪ್ಪು ಹೊಡೆತದ ಅದುರುವಿಕೆ ನೇರವಾಗಿ ಮೊಣಕೈಗೆ ಬರುತ್ತದೆ.

ಅಭ್ಯಾಸದ ಕ್ರಮದ ಬಗ್ಗೆ ಹೇಳುವುದು ಸ್ವಲ್ಪವೇ ಇದೆ. ಹೊಸ ಅನುಭವ ಸಿಗುವವರೆಗೆ ಒಂದೇ ಕ್ಲಬ್, ನಿಧಾನ ವೇಗ. ಸಿಕ್ಕಿದ ಮೇಲೆ ಪ್ರತಿ ಹೊಡೆತಕ್ಕೂ ಕ್ಲಬ್ ಮತ್ತು ಗುರಿ ಬದಲಿಸಿ, ಏಕೆಂದರೆ ಆಟದಲ್ಲಿ ಒಂದೇ ಹೊಡೆತವನ್ನು ಎರಡು ಸಲ ಸತತವಾಗಿ ಹೊಡೆಯುವ ಅವಕಾಶ ಅಪರೂಪ. ಚೀಲದಲ್ಲೊಂದು ಸಣ್ಣ ಪುಸ್ತಕವಿಟ್ಟು, ಯಾವ ಅನುಭವದಿಂದ ಗೀರು ಸರಿಯಾಯಿತು, ಯಾವುದರಿಂದ ಸದ್ದು ಮುಂದೆ ಹೋಯಿತು ಎಂದು ನಿಮ್ಮದೇ ಮಾತಿನಲ್ಲಿ, ತುಳುವೋ ಕೊಂಕಣಿಯೋ ಕನ್ನಡವೋ, ಒಂದು ಸಾಲು ಬರೆದಿಡಿ. ಈ ತಿಂಗಳು ಕೆಲಸ ಮಾಡಿದ ಅನುಭವ ಮುಂದಿನ ತಿಂಗಳು ಮಂಕಾಗುವುದು ಸಾಮಾನ್ಯ. ಮೈ ಅದಕ್ಕೆ ಒಗ್ಗಿಕೊಂಡು ನಾವು ಅರಿವಿಲ್ಲದೆ ಅದನ್ನು ಅತಿಮಾಡಿರುತ್ತೇವೆ. ಆಗ ಮರಳಿನ ಗೆರೆಗೆ ಹಿಂತಿರುಗಿ ಇನ್ನೊಂದನ್ನು ಹುಡುಕಬೇಕು. ಆಟದ ದಿನ ಆ ಪುಸ್ತಕದಿಂದ ಒಂದೇ ಸಾಲನ್ನು ಆರಿಸಿಕೊಂಡು ಹೋಗಿ, ಆಟದ ಮಧ್ಯೆ ಅದನ್ನು ಬದಲಿಸಬೇಡಿ. ಕೋಚ್ ಬಳಿ ಹೋಗುವಾಗಲೂ ಎರಡು ವಿಡಿಯೊಗಳ ಜೊತೆ ಆ ಪುಸ್ತಕವನ್ನು ತೆಗೆದುಕೊಂಡು ಹೋದರೆ ಅವರ ಮೊದಲ ಅರ್ಧ ಗಂಟೆ ಉಳಿಯುತ್ತದೆ.