ಬೇಕಲದ ಸಂಜೆಗೆ ಕೈಮಗ್ಗದ ಸೀರೆ: ನನ್ನ ಅನುಭವ

ಗಂಡನ ಜೊತೆ ಸಂಜೆ ಹೊರಗೆ ಹೋಗಲು ಕಾಸರಗೋಡಿನ ಕೈಮಗ್ಗದ ಸೀರೆ ಉಡುತ್ತೇನೆ ಅಂದಾಗ ನಾದಿನಿ ಜೋರಾಗಿ ನಕ್ಕಳು. "ಅತ್ತಿಗೆ, ಪಿಟಿಎ ಮೀಟಿಂಗಿಗೆ ಹೊರಟ ಟೀಚರ್ ಹಾಗೆ ಕಾಣ್ತೀರಿ" ಅಂದಳು. ಅಂಗಡಿಗೆ ಬ್ಲೌಸ್ ಹೊಲಿಸಲು ಬರುವವರದ್ದೂ ಅದೇ ಮಾತು. ಕಾಟನ್ ಅಂದರೆ ಮುದುಡುತ್ತದೆ, ಉಬ್ಬುತ್ತದೆ, ಬೀಚಿನ ಗಾಳಿಗೆ ನಿಲ್ಲುವುದಿಲ್ಲ ಅಂತ. ಈ ಸಲ ಇವರು ರಜೆಯಲ್ಲಿ ಬಂದಾಗ ಅದನ್ನೇ ಉಟ್ಟು ಹೋದೆ. ನಾಲ್ಕು ಗಂಟೆಗೆ ಹೊರಟು ರಾತ್ರಿ ಊಟ ಮುಗಿಸಿ ಬರುವವರೆಗೆ ಒಂದು ನೆರಿಗೆ ಅಲುಗಾಡಲಿಲ್ಲ.

ನನ್ನದು ಹೊಲಿಗೆ ಅಂಗಡಿ. ಇದನ್ನು ಓದುವ ನೀವೂ ಹೊಲಿಗೆಯವರೇ ಆದ್ದರಿಂದ ಫಾಲ್, ಪಿಕೋ, ಲೈನಿಂಗ್ ಅಂತ ಶುರುವಿನಿಂದ ಹೇಳುವುದಿಲ್ಲ.

ಇವರು ಇರುವುದು ಶಾರ್ಜಾದಲ್ಲಿ. ಊರಿಗೆ ಬಂದಾಗ ನಾವಿಬ್ಬರೇ ಹೋಗುವ ಜಾಗ ಬೇಕಲ. ಕಾಸರಗೋಡು ಪೇಟೆಯಿಂದ ಸ್ಕೂಟರಿನಲ್ಲಿ ಚಂದ್ರಗಿರಿ ಸೇತುವೆ ದಾಟಿ ಕರಾವಳಿ ರಸ್ತೆ ಹಿಡಿದು ಹೋಗುವುದು. ಮೊದಲು ಕೋಟೆ, ಗೇಟು ಮುಚ್ಚುವ ಹೊತ್ತಿಗೆ ಬೀಚು, ಕತ್ತಲಾದ ಮೇಲೆ ಎಲ್ಲಾದರೂ ಊಟ. ಒಂದೇ ಸಂಜೆಯಲ್ಲಿ ಸ್ಕೂಟರು, ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಮೆಟ್ಟಿಲು, ಹೊಯಿಗೆ ಅಂದರೆ ಮರಳು, ಊಟದ ಟೇಬಲ್ಲು. ನಾಲ್ಕಕ್ಕೂ ಒಂದೇ ಉಡುಪು ಹೊಂದಬೇಕು.

ಹಿಂದಿನ ವರ್ಷಗಳಲ್ಲಿ ಕಳೆದ ದುಡ್ಡು ನೆನೆಸಿದರೆ ಹೊಟ್ಟೆ ಉರಿಯುತ್ತದೆ. ಮೂರು ಸಾವಿರದ ಹತ್ತಿರ ಕೊಟ್ಟು ತಂದ ಜಾರ್ಜೆಟ್ ಸೀರೆ ಬೆವರಿಗೆ ಕಾಲಿಗೆ ಅಂಟಿಕೊಂಡು ಹೆಜ್ಜೆ ಇಡಲು ಬಿಡಲಿಲ್ಲ. ನಮ್ಮ ಸೆಖೆಗೆ ಬೆವರು ಹೀರದ ಬಟ್ಟೆ ಸುಮ್ನೆ ದಂಡ. ಮರು ವರ್ಷ ಅಮ್ಮ ಕೊಟ್ಟ ರೇಷ್ಮೆ ಸೀರೆ ಉಟ್ಟೆ. ಒಂದು ಅಲೆ ಬಂದು ಸೆರಗಿಗೆ ಹನಿ ಹಾರಿತು. ಒಣಗಿದ ಮೇಲೆ ಹನಿ ಬಿದ್ದಲ್ಲೆಲ್ಲ ಉಂಗುರದ ಹಾಗೆ ಕಲೆ. ಡ್ರೈಕ್ಲೀನಿಗೆ ನಾನೂರೋ ಐನೂರೋ ಕೊಟ್ಟೆ, ಕಲೆ ಅರ್ಧ ಹೋಯಿತು, ಅರ್ಧ ಈಗಲೂ ಇದೆ. ಬಿಳಿ ಪಲಾಝೋ ಹಾಕಿದ ವರ್ಷ ಕೋಟೆಯ ಕೆಂಪು ಮಣ್ಣು ಅಂಚಿನಲ್ಲಿ ಕೂತುಬಿಟ್ಟಿತು. ಹೈಹೀಲ್ಸ್ ವಿಷಯ ಬಿಡಿ, ಅದು ಮುರಕಲ್ಲಿನ ತೂತಿಗೂ ಹೊಯಿಗೆಗೂ ಹೇಳಿ ಮಾಡಿಸಿದ್ದಲ್ಲ.

ಇಷ್ಟಾದ ಮೇಲೆ ವಿದ್ಯಾನಗರದ ನೇಕಾರರ ಸಹಕಾರಿ ಸಂಘಕ್ಕೆ ಹೋದೆ. 1938ರ ಸಂಘ ಅದು. ನಮ್ಮ ಈ ಸೀರೆಗೆ ಜಿಐ ಗುರುತೂ (ಇದು ಈ ಊರಿನದ್ದೇ ಅನ್ನುವ ಸರಕಾರದ ಭೌಗೋಳಿಕ ಗುರುತು) ಇದೆ. ಊರಲ್ಲೇ ಇದ್ದರೂ ನಾವು ಮಂಗಳೂರಿನ ಮಾಲ್‌ಗೆ ಓಡುತ್ತೇವೆ, ಅಲ್ವಾ?

ಬಣ್ಣ ಆರಿಸಲು ಮಾತ್ರ ನಾನು ತುಂಬ ಹೊತ್ತು ತೆಗೆದುಕೊಂಡೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ನೋಡಿ ಬಟ್ಟೆ ಆರಿಸಿದರೆ ಸಂಜೆಗೆ ಕೈಕೊಡುತ್ತದೆ. ನಾನು ಬೇರೆ ಬೇರೆ ಬಣ್ಣದ ಬ್ಲೌಸ್ ತುಂಡುಗಳನ್ನು ಮೊದಲು ಮುಸ್ಸಂಜೆ ಹಿತ್ತಲಲ್ಲಿ ಹಗ್ಗಕ್ಕೆ ಹಾಕಿ ನೋಡಿದೆ. ಬೆಳಕು ಇಳಿಯುತ್ತಿದ್ದಂತೆ ಮೊದಲು ಕಪ್ಪಾಗುವುದು ಕೆಂಪು. ಮೆರೂನಂತೂ ಏಳು ಗಂಟೆಗೆ ಕರಿಬಟ್ಟೆ. ನೀಲಿ ಕೊನೆಯವರೆಗೂ ನಿಲ್ಲುತ್ತದೆ. ಅದೇ ತುಂಡುಗಳನ್ನು ಹಳದಿ ಬಲ್ಬಿನ ಕೆಳಗೆ ತಂದರೆ ಎಲ್ಲ ಉಲ್ಟಾ. ನೀಲಿ ಮಂಕಾಗುತ್ತದೆ, ಸಾಸಿವೆ ಹಳದಿ, ಇಟ್ಟಿಗೆ ಕೆಂಪು ಎದ್ದು ಬರುತ್ತವೆ. ಬೀಚಿಗೊಂದು, ಹೋಟೆಲಿಗೊಂದು ಅಂತ ಎರಡು ಸೀರೆ ಉಡಲು ಆಗುತ್ತದೆಯೇ? ಅದಕ್ಕೆ ಸೀರೆಯ ಮೈ ನವಿಲು ನೀಲಿ, ಅಂಚು ಮತ್ತು ಬ್ಲೌಸ್ ಸಾಸಿವೆ ಹಳದಿ ಮಾಡಿದೆ. ಬೀಚಿನಲ್ಲಿ ನಿಂತಾಗ ಮೈ ಪೂರ್ತಿ ಕಾಣುತ್ತದೆ, ಅಲ್ಲಿಗೆ ನೀಲಿ. ಊಟಕ್ಕೆ ಕೂತಾಗ ಸೊಂಟದ ಕೆಳಗಿನದೆಲ್ಲ ಟೇಬಲ್ಲಿನ ಅಡಿಗೆ. ಎದುರು ಕೂತವರಿಗೆ ಕಾಣುವುದು ಬ್ಲೌಸು, ಕುತ್ತಿಗೆ, ಸೆರಗಿನ ಒಂದಿಷ್ಟು. ಅಲ್ಲಿಗೆ ಹಳದಿ. ಈ ಲೆಕ್ಕ ನನ್ನದೇ ಅಂತ ಸ್ವಲ್ಪ ಜಂಭವೂ ಇದೆ.

ಹಾಗಾಗಿ ದುಡ್ಡು ಹಾಕಬೇಕಾದ್ದು ಬ್ಲೌಸಿಗೆ. ಸೀರೆ ಎರಡು ಸಾವಿರದ ಒಳಗೆ ಮುಗಿಯಿತು. ಬ್ಲೌಸಿನ ಬಟ್ಟೆ, ತೆಳು ಮಲ್ ಲೈನಿಂಗ್, ಕುತ್ತಿಗೆಗೆ ಕೈಯಿಂದ ಹಾಕಿದ ಸಣ್ಣ ಕಸೂತಿ ಎಲ್ಲ ಸೇರಿ ಆರುನೂರು ಚಿಲ್ಲರೆ. ಹೊಲಿಗೆ ನನ್ನದೇ. ಗಿರಾಕಿಯಿಂದಾದರೆ ಹೊಲಿಗೆಗೆ ಇನ್ನೊಂದು ಏಳುನೂರು ತೆಗೆದುಕೊಳ್ಳುತ್ತಿದ್ದೆ. ತೋಳು ಮೊಣಕೈಗಿಂತ ಸ್ವಲ್ಪ ಮೇಲೆ ನಿಲ್ಲಲಿ, ಕಂಕುಳಲ್ಲಿ ಅರ್ಧ ಇಂಚು ಸಡಿಲ ಬಿಡಿ. ಸ್ಕೂಟರಿನಲ್ಲಿ ಹಿಂದೆ ಕೂತವಳು ಮುಂದಿನವರನ್ನು ಹಿಡಿದುಕೊಳ್ಳಬೇಕಲ್ಲ, ಬಿಗಿ ಹೊಲಿದರೆ ಚಂದ್ರಗಿರಿ ದಾಟುವ ಮೊದಲೇ ಹೊಲಿಗೆ ಬಿಡುತ್ತದೆ.

ಇನ್ನು ಉಬ್ಬುವ ವಿಷಯ. ಹೊಸ ಸೀರೆಯ ಗಂಜಿ ಜಾಸ್ತಿ. ಹಾಗೇ ಉಟ್ಟರೆ ನಾದಿನಿ ಹೇಳಿದ್ದೇ ಸರಿ. ಎರಡು ಸಲ ತಣ್ಣೀರಲ್ಲಿ ನೆನೆಸಿ ಗಂಜಿ ಪೂರ್ತಿ ತೆಗೆದೆ. ಆಮೇಲೆ ನೆರಿಗೆ ಬರುವ ಭಾಗ ಮತ್ತು ಹೆಗಲ ಮೇಲಿನ ಸೆರಗು, ಇವೆರಡಕ್ಕೆ ಮಾತ್ರ ತೆಳ್ಳಗೆ ತೆಳಿ (ಅನ್ನ ಬಸಿದ ನೀರು) ಹಾಕಿದೆ. ಸೊಂಟ ಸುತ್ತುವ ಭಾಗಕ್ಕೆ ಒಂದು ಹನಿಯೂ ಇಲ್ಲ. ಅದು ಮೈಗೆ ಹೊಂದಿ ಕೂರುತ್ತದೆ, ನೆರಿಗೆ ಮಾತ್ರ ನೆಟ್ಟಗೆ ನಿಲ್ಲುತ್ತದೆ. ಕುಚ್ಚಲಕ್ಕಿ ತೆಳಿ ಬೇಡ, ಬಣ್ಣ ಹಿಡಿಯುತ್ತದೆ. ಬಿಳಿ ಬೆಳ್ತಿಗೆ ಅಕ್ಕಿಯದ್ದೇ ಆಗಬೇಕು. ಸಮುದ್ರದ ಹಸಿ ಗಾಳಿಗೆ ಬರೀ ತೆಳಿ ಮೆತ್ತಗಾಗುತ್ತದೆ. ಅದಕ್ಕೆ ನಾನು ಇನ್ನೊಂದು ಸೇರಿಸುತ್ತೇನೆ. ಏನು ಅಂತ ಕೇಳಬೇಡಿ, ನಾನೂ ಬದುಕಬೇಕಲ್ಲ.

ಒಳಲಂಗ ಕಾಟನ್ನೇ ಇರಲಿ. ಸ್ಯಾಟಿನ್ ಮೇಲೆ ಸೀರೆ ಜಾರುತ್ತದೆ. ಈಗ ಬಂದಿರುವ ಬಿಗಿಯಾದ ಶೇಪ್‌ವೇರನ್ನೂ ನೋಡಿದೆ. ಚೆನ್ನಾಗಿ ಕಾಣುತ್ತದೆ, ಸ್ಕೂಟರ್ ಹತ್ತಲು ಆಗುವುದಿಲ್ಲ.

ಸೆರಗು ಹಾರದಂತೆ ಒಂದು ಪ್ರಯೋಗ ಮಾಡಿದ್ದೆ. ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡು ಎರಡು ತಂದು ಸೆರಗಿನ ಮೂಲೆಯ ಒಳಗೆ ಹೊಲಿದೆ. ಸೆರಗು ಹಾರಲಿಲ್ಲ, ಬೀಸಿತು. ಬೀಸಿದ ಏಟಿಗೆ ಇವರ ಕೈಯಲ್ಲಿದ್ದ ಚಹಾ ಗ್ಲಾಸು ಹೊಯಿಗೆಗೆ ಬಿತ್ತು. "ನನ್ನನ್ನೇ ಬಲೆಗೆ ಹಾಕ್ತೀಯಾ?" ಅಂದರು. ಆಮೇಲೆ ಸೀಸ ಬಿಚ್ಚಿಟ್ಟೆ. ಅದಕ್ಕಿಂತ ಸುಲಭದ ದಾರಿ ಇದೆ. ಸಂಜೆ ಗಾಳಿ ಬೀಸುವುದು ಕಡಲಿನಿಂದ, ಅಂದರೆ ಪಡುವಣದಿಂದ. ಕಡಲಿಗೆ ಮುಖ ಮಾಡಿ ಕೂತರೆ ಸೆರಗು ತಾನಾಗಿ ಹಿಂದಕ್ಕೆ ಹೋಗುತ್ತದೆ, ಮುಖಕ್ಕೆ ಬರುವುದಿಲ್ಲ. ಸೂರ್ಯ ಮುಳುಗಿದ ಮೇಲೆ ಗಾಳಿ ಹೇಗೂ ಇಳಿಯುತ್ತದೆ. ಹೆಗಲ ಪಿನ್ನನ್ನು ಮಾತ್ರ ಬ್ಲೌಸಿನ ಒಳಗಿನಿಂದ ಚುಚ್ಚಿ, ಹಿಂದೆ ಒಂದು ಸಣ್ಣ ತುಂಡು ಬಟ್ಟೆ ಇಡಿ. ಕೈಮಗ್ಗದ ನೂಲು ಹರಿಯುವುದಿಲ್ಲ.

ಹೂವು ಉಡುಪಿ ಮಲ್ಲಿಗೆ. ಕಟ್ಟಿದ ಹೂವಿನ ಒಂದು ಸುತ್ತಿಗೆ ಚೆಂಡು ಅನ್ನುತ್ತೇವೆ, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಮದುವೆ ಸೀಸನ್ನಿನಲ್ಲಿ ಅಟ್ಟೆಯ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಒಂದು ಚೆಂಡಿನಲ್ಲಿ ಅರ್ಧ ಸಾಕು. ಹೆಲ್ಮೆಟ್ ಕೆಳಗೆ ಮುಡಿಯಬೇಡಿ, ಒದ್ದೆ ಬಾಳೆಲೆಯಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟು ಅಲ್ಲಿಗೆ ಮುಟ್ಟಿದ ಮೇಲೆ ಮುಡಿಯಿರಿ. ಇವರದ್ದು ಬಿಳಿ ಮುಂಡು. ಬೆಲ್ಟು ಸಾಲದೆಂದು ನಾನೇ ವೆಲ್ಕ್ರೊ ಹೊಲಿದು ಕೊಟ್ಟೆ. ಮೇಲೆ ಸಾಸಿವೆ ಬಣ್ಣದ ಶರ್ಟ್ ಹಾಕಿಸೋಣ ಅಂದೆ, ಒಪ್ಪಲಿಲ್ಲ. ತಿಳಿ ನೀಲಿಗೆ ರಾಜಿ ಆಯಿತು.

ಮನೆಗೆ ಬಂದ ರಾತ್ರಿಯೇ ಸೀರೆಯನ್ನು ಬರೀ ನೀರಲ್ಲಿ ಮುಳುಗಿಸಿ ಉಪ್ಪು ತೆಗೆಯಿರಿ. ಸೋಪು ನಾಳೆಗಾಯಿತು. ನೆರಳಲ್ಲಿ ಒಣಗಿಸಿ. ಇದೆಲ್ಲ ನವೆಂಬರಿನಿಂದ ಮೇ ತನಕದ ಮಾತು. ಜೂನ್ ಬಂದ ಮೇಲೆ ತೆಳಿ ಹಾಕಿದ ಸೀರೆ ನಮ್ಮಲ್ಲಿ ಮೂರು ದಿನವಾದರೂ ಒಣಗುವುದಿಲ್ಲ, ಮುಗ್ಗಲು ವಾಸನೆ ಬೇರೆ. ಇವರಿಗೆ ಮಳೆಗಾಲದಲ್ಲಿ ರಜೆ ಸಿಕ್ಕಿದರೆ ಚೂಡಿದಾರ್ ಹಾಕಿ ಬಸ್ಸಿನಲ್ಲಿ ಹೋಗುವುದೇ.