ನಾಡಿಯ ಅಲೆಗೆ ಟೇಪು ಹಿಡಿಯುವುದು ಹೇಗೆ?

ಅಪಧಮನಿ ಎಷ್ಟು ಗಡುಸಾಗಿದೆ ಎಂದು ತಿಳಿಯಲು ಸೂಜಿ ಚುಚ್ಚಬೇಕಿಲ್ಲ. ಹೃದಯ ಮಿಡಿದಾಗಲೆಲ್ಲ ಒತ್ತಡದ ಒಂದು ಅಲೆ ನಾಳದುದ್ದಕ್ಕೂ ಓಡುತ್ತದೆ. ಗೋಡೆ ಮೆತ್ತಗಿದ್ದರೆ ನಿಧಾನ, ಬಿರುಸಾದರೆ ವೇಗ. ಓಡುವುದು ರಕ್ತವಲ್ಲ, ಅಲೆ. ಎಂಜಿನ್ ಜಗ್ಗಿದ ಪೆಟ್ಟು ಗೂಡ್ಸ್ ರೈಲಿನ ಕೊನೆಯ ಬೋಗಿಯವರೆಗೂ ಸರಸರ ಹೋಗುತ್ತದಲ್ಲ, ಹಾಗೆ.

ಈ ಅಲೆಯ ವೇಗ ಅಳೆಯುವ ಪರೀಕ್ಷೆಗೆ ಮೂರು ಗಂಟೆ ಮೊದಲಿನಿಂದ ಕಾಫಿ, ಬೀಡಿ-ಸಿಗರೇಟು ಬೇಡ. ತಣ್ಣಗೂ ಅಲ್ಲದ, ಸೆಕೆಯೂ ಇಲ್ಲದ ಕೋಣೆಯಲ್ಲಿ ಹತ್ತು ನಿಮಿಷ ಅಂಗಾತ ಮಲಗಿ. ಮಾತು, ಮೊಬೈಲು ಎರಡೂ ಬಂದ್. ಬಿಪಿ ನೋಡಿ ಬರೆದುಕೊಳ್ಳುತ್ತಾರೆ, ಇಸಿಜಿ ತಂತಿ ಅಂಟಿಸುತ್ತಾರೆ.

ಆಮೇಲೆ ಪೆನ್ನಿನಂಥ ಸಂವೇದಕವನ್ನು ಕತ್ತಿನ ಒಂದು ಬದಿಯ ನಾಡಿಯ ಮೇಲೆ ಹಗುರವಾಗಿ ಊರುತ್ತಾರೆ. ಜೋರಾಗಿ ಒತ್ತಿದರೆ ಅಲೆಯ ಆಕಾರ ಕೆಡುತ್ತದೆ, ಕೆಲವರಿಗೆ ತಲೆ ಸುತ್ತುವುದೂ ಉಂಟು. ಮುಂದಿನ ಸರದಿ ತೊಡೆಸಂದಿನದು. ಅಲ್ಲಿ ನಾಡಿ ಹುಡುಕುವಾಗ ರೋಗಿಗೆ ಸಂಕೋಚ, ಅಳೆಯುವವರಿಗೆ ತಾಳ್ಮೆಯ ಪರೀಕ್ಷೆ. ಎರಡೂ ಕಡೆ ಅಲೆ ಏಳತೊಡಗುವ ಬುಡದ ಬಿಂದುವನ್ನೇ ಯಂತ್ರ ಹಿಡಿಯುತ್ತದೆ. ಇಸಿಜಿ ಗೆರೆಯ ಚೂಪು ಮೊನೆಯಿಂದ ಎಣಿಸಿದರೆ ಅಲೆ ಕತ್ತಿಗೆ ಬರಲು 80 ಮಿಲಿಸೆಕೆಂಡು, ತೊಡೆಸಂದಿಗೆ 140 ಅಂದುಕೊಳ್ಳಿ. ವ್ಯತ್ಯಾಸ 60.

ಎಡವಟ್ಟಾಗುವುದು ಹೆಚ್ಚಾಗಿ ಟೇಪಿನಲ್ಲಿ. ಆ ಎರಡು ಜಾಗಗಳ ನಡುವಿನ ನೇರ ಅಂತರ 60 ಸೆಂ.ಮೀ. ಇದ್ದರೆ ಅದರ ಶೇ 80, ಅಂದರೆ 48 ಸೆಂ.ಮೀ. ಲೆಕ್ಕಕ್ಕೆ. ಕತ್ತಿನತ್ತ ಅಲೆ ಮೇಲಕ್ಕೂ ಹೋಗುವುದರಿಂದ ಈ ಕಡಿತ. 0.48 ಮೀಟರನ್ನು 0.06 ಸೆಕೆಂಡಿನಿಂದ ಭಾಗಿಸಿದರೆ ಸೆಕೆಂಡಿಗೆ 8 ಮೀಟರ್. ಟೇಪು ಬೊಜ್ಜಿನ ಹೊಟ್ಟೆ ಹತ್ತಿ ಇಳಿದು ಮೂರು ಸೆಂ.ಮೀ. ಹೆಚ್ಚು ತೋರಿಸಿತೋ, ಅದೇ ನಾಳ 8.4 ಆಗಿಬಿಡುತ್ತದೆ! ಹಾಗಾಗಿ ದಪ್ಪಗಿರುವವರಿಗೆ ಟೇಪನ್ನು ಮೈಗೆ ತಾಗಿಸದೆ ನೇರ ಹಿಡಿಯಬೇಕು.

ಎರಡು ಬಾರಿ ಅಳೆಯಿರಿ. ವೇಗದಲ್ಲಿ ಸೆಕೆಂಡಿಗೆ ಅರ್ಧ ಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರನೆಯದೂ ಬೇಕು, ಆಗ ನಡುವಿನ ಅಂಕಿಯೇ ಫಲಿತಾಂಶ.

2012ರ ತಜ್ಞರ ಒಮ್ಮತದಂತೆ ವೇಗ ಸೆಕೆಂಡಿಗೆ 10 ಮೀಟರ್ ದಾಟಿದರೆ ಗಡುಸು. ನನ್ನನ್ನು ಕೇಳಿದರೆ ಈ ಗೆರೆಯನ್ನೇ ನೆಚ್ಚಿ ಕೂರಬಾರದು. ವಯಸ್ಸಾದಂತೆ ವೇಗ ಏರುತ್ತದೆ, ಆ ಹೊತ್ತಿನ ಬಿಪಿ ಹೆಚ್ಚಿದ್ದರೂ ಏರುತ್ತದೆ. ವರದಿಯಲ್ಲಿ ಬಿಪಿ ಮತ್ತು ಟೇಪಿನ ಅಳತೆ ಎರಡನ್ನೂ ಬರೆಸಿಕೊಳ್ಳಿ. ಮುಂದಿನ ವರ್ಷದ ಅಂಕಿಯನ್ನು ಹೋಲಿಸಲು ಅವೇ ಬೇಕಾಗುವುದು.